ಆಕ್ಟೇವಿಯಾ 1.9 ಟಿಡಿಐ: ಹೆಡ್ ಗ್ಯಾಸ್ಕೆಟ್ ಒಂದು ತೂತಿನದೋ, ಮೂರು ತೂತಿನದೋ?

ಧಾರವಾಡದ ಡೀಸೆಲ್
ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 2004ರ ಸ್ಕೋಡಾ ಆಕ್ಟೇವಿಯಾ 1.9 ಟಿಡಿಐ ಕಾರಿದೆ. ಅದರ ಮೂರನೆಯ ಮಾಲೀಕ ನಾನು. ಕಳೆದ ತಿಂಗಳು ಬೆಳಗಾವಿಯಿಂದ ಮರಳುವಾಗ ಕಿತ್ತೂರಿನ ಬಳಿ ರೇಡಿಯೇಟರಿನ ಮೇಲಿನ ಹೋಸ್ ಬಿರಿಯಿತು. ಅಲ್ಲೇ ನಿಲ್ಲಿಸಬೇಕಿತ್ತು. ಊರು ಇನ್ನೇನು ಮೂವತ್ತು ಕಿಲೋಮೀಟರ್ ಎಂಬ ಆಸೆಗೆ ಬಿದ್ದು ಹೋಸಿಗೆ ಬಟ್ಟೆ ಬಿಗಿದು, ಅಲ್ಲಲ್ಲಿ ನೀರು ಸುರಿಯುತ್ತ ಓಡಿಸಿಕೊಂಡು ಬಂದೆ. ಮರುದಿನದಿಂದ ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ಬರತೊಡಗಿತು, ಬೆಳಗಿನ ತಣ್ಣನೆಯ ಎಂಜಿನ್‌ನಲ್ಲೂ ಹೋಸ್ ಕಲ್ಲಿನಂತೆ ಬಿಗಿಯಾಗಿರುತ್ತಿತ್ತು.

ಗ್ಯಾಸ್ಕೆಟ್ ಹೋಗಿದೆಯೆಂದು ಈಗ ಹೆಡ್ (ಎಂಜಿನ್ ಬ್ಲಾಕ್‌ನ ಮೇಲಿನ ಮುಚ್ಚಳ) ಬಿಚ್ಚಿದ್ದಾಗಿದೆ. ಹೆಡ್ ಮತ್ತು ಬ್ಲಾಕ್ ನಡುವೆ ಕೂರುವ ಆ ಹಳೆಯ ಗ್ಯಾಸ್ಕೆಟ್ ಗುಜರಿ ಸೇರಿದೆ. ಅದರಲ್ಲಿ ಎಷ್ಟು ತೂತುಗಳಿದ್ದವೆಂದು ಯಾರೂ ನೋಡಲಿಲ್ಲ. ನಮ್ಮ ಮೆಕ್ಯಾನಿಕ್ ಹೆಡ್ಡನ್ನು 0.2 ಮಿ.ಮೀ. ಫೇಸಿಂಗ್ (ಕೆಳಮುಖವನ್ನು ತುರಿದು ಸಪಾಟು ಮಾಡುವುದು) ಮಾಡಿಸಿ ಮೂರು ತೂತಿನ ದಪ್ಪ ಗ್ಯಾಸ್ಕೆಟ್ ಹಾಕೋಣ ಎನ್ನುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಗೆ ಫೋನ್ ಮಾಡಿದರೆ, ತಮ್ಮಲ್ಲಿರುವುದು ಒಂದು ತೂತಿನದು ಮಾತ್ರ, ಎಲ್ಲ ಗಾಡಿಗೂ ಅದೇ ನಡೆಯುತ್ತದೆ ಎಂದರು. ಇಬ್ಬರಲ್ಲಿ ಯಾರ ಮಾತು ಕೇಳಲಿ?

ಮೆಕ್ಯಾನಿಕಲ್ ಮೇಷ್ಟ್ರು
ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಆ ಎಂಜಿನ್‌ನಲ್ಲಿ ಪಿಸ್ಟನ್ ತನ್ನ ಮೇಲ್ತುದಿಗೆ ಬಂದಾಗ ಬ್ಲಾಕ್‌ನ ಮೇಲ್ಮೈಯನ್ನು ದಾಟಿ ಸ್ವಲ್ಪ ಹೊರಗೆ ಚಾಚುತ್ತದೆ. ಎಷ್ಟು ಚಾಚುತ್ತದೆ ಎಂಬುದರ ಮೇಲೆ ಗ್ಯಾಸ್ಕೆಟ್‌ನ ದಪ್ಪ ನಿಂತಿದೆ, ಆ ದಪ್ಪವನ್ನು ಗುರುತಿಸಲೆಂದೇ ಅಂಚಿನಲ್ಲಿ ತೂತುಗಳನ್ನು ಕೊಟ್ಟಿದ್ದಾರೆ. ಪಿಸ್ಟನ್ 0.91ರಿಂದ 1.00 ಮಿ.ಮೀ. ಚಾಚಿದ್ದರೆ ಒಂದು ತೂತು, ದಪ್ಪ 1.45 ಮಿ.ಮೀ.; 1.01ರಿಂದ 1.10 ಇದ್ದರೆ ಎರಡು ತೂತು, ದಪ್ಪ 1.53, 1.11ರಿಂದ 1.20 ಇದ್ದರೆ ಮೂರು ತೂತು, ದಪ್ಪ 1.61. ಕಳೆದು ನೋಡಿ, ಯಾವ ಸಾಲಿನಲ್ಲಾದರೂ ಪಿಸ್ಟನ್ ಮತ್ತು ಹೆಡ್ ನಡುವೆ ಉಳಿಯುವ ಸಂದು ಅರ್ಧ ಮಿಲಿಮೀಟರ್‌ನ ಆಸುಪಾಸಿನಲ್ಲೇ ಇರುತ್ತದೆ. ಆ ಸಂದನ್ನು ಕಾಯುವುದಕ್ಕೇ ಮೂರು ದಪ್ಪಗಳು ಹುಟ್ಟಿಕೊಂಡದ್ದು.

ಪಿಸ್ಟನ್, ಕನೆಕ್ಟಿಂಗ್ ರಾಡ್, ಬ್ಲಾಕ್ ಯಾವುದನ್ನೂ ಮುಟ್ಟಿಲ್ಲವಾದರೆ ಹಳೆಯದರಲ್ಲಿ ಎಷ್ಟು ತೂತಿದ್ದವೋ ಅಷ್ಟೇ ತೂತಿನ ಹೊಸದನ್ನು ತಂದರೆ ಸಾಕಿತ್ತು. ನಿಮ್ಮಲ್ಲಿ ಹಳೆಯದೂ ಇಲ್ಲ, ಹಿಂದಿನ ಮಾಲೀಕರ ಕಾಲದಲ್ಲಿ ಎಂಜಿನ್‌ಗೆ ಏನೇನು ಮಾಡಿಸಿದ್ದರೆಂಬ ದಾಖಲೆಯೂ ಇಲ್ಲ. ಆದ್ದರಿಂದ ಅಳೆಯಲೇಬೇಕು.

ಮೂವತ್ತು ವರ್ಷದ ಗ್ಯಾರೇಜು
ಇಷ್ಟೆಲ್ಲ ಪುರಾಣ ಬೇಡ. ಫೇಸಿಂಗ್ ಮಾಡಿದರೆ ಹೆಡ್ ಕೆಳಗೆ ಇಳಿಯುತ್ತದೆ, ಇಳಿದಷ್ಟನ್ನು ದಪ್ಪ ಗ್ಯಾಸ್ಕೆಟ್ ತುಂಬುತ್ತದೆ. ನಾವು ಇಷ್ಟು ವರ್ಷ ಹೀಗೆಯೇ ಮಾಡಿದ್ದೇವೆ, ಗಾಡಿಗಳು ಓಡುತ್ತಿವೆ.

ಬೋರಿಂಗ್ ಅಂಗಡಿ
ಅಣ್ಣಾವ್ರೇ, ಹೆಡ್ಡಿನೊಳಗೆ ಪ್ರೀ-ಚೇಂಬರ್ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಪುಟ್ಟ ಕೋಣೆ) ಇರುವ ಹಳೆಯ ಎಂಜಿನ್‌ಗಳೂ ಇದೂ ಒಂದೇ ಎಂದು ತಿಳಿದರೆ ತಪ್ಪಾಗುತ್ತದೆ. ಇದು ಡೈರೆಕ್ಟ್ ಇಂಜೆಕ್ಷನ್ ಎಂಜಿನ್. ಉರಿಯುವ ಬಟ್ಟಲು ಪಿಸ್ಟನ್‌ನ ತಲೆಯಲ್ಲಿದೆ, ಹೆಡ್‌ನ ಕೆಳಮುಖ ಹಲಗೆಯಂತೆ ಸಪಾಟಾಗಿದೆ. ಹಾಗಾಗಿ ಹೆಡ್ಡನ್ನು ಎಷ್ಟು ತುರಿದರೂ ಪಿಸ್ಟನ್ ಚಾಚುವ ಅಳತೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬದಲಾಗುವುದು ವಾಲ್ವ್‌ಗಳ ಸ್ಥಾನ. ಮೊದಲು ಮುಖದಿಂದ ಒಳಗೆ ಅಡಗಿದ್ದ ವಾಲ್ವ್‌ಗಳು ತುರಿದಷ್ಟೂ ಪಿಸ್ಟನ್ ಕಡೆಗೆ ಹತ್ತಿರವಾಗುತ್ತವೆ. ಅದನ್ನು ಸರಿಪಡಿಸಲು ಸೀಟುಗಳನ್ನು ಅಷ್ಟೇ ಆಳಕ್ಕೆ ಕತ್ತರಿಸಿ ವಾಲ್ವ್‌ಗಳನ್ನು ಒಳಗೆ ಇಳಿಸಬೇಕು; ಇಳಿಸಿದರೆ ವಾಲ್ವ್‌ನ ಕಡ್ಡಿ ಆಚೆಯ ತುದಿಯಲ್ಲಿ ಅಷ್ಟೇ ಮೇಲೇರಿ ವಾಲ್ವನ್ನು ಒತ್ತುವ ಹೈಡ್ರಾಲಿಕ್ ಟ್ಯಾಪೆಟ್‌ಗೆ ಇರುವ ಜಾಗವನ್ನು ತಿನ್ನುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುವ ಬಟ್ಟೆಯ ಕಥೆ. ಇದೇ ಕಾರಣದಿಂದ ಈ ಟಿಡಿಐ ಹೆಡ್ಡನ್ನು ಫೇಸಿಂಗ್ ಮಾಡಲೇಕೂಡದೆಂದು ಕಂಪನಿಯ ಕೈಪಿಡಿಯಲ್ಲಿದೆ.

ಮೂರು ತೂತಿನದು ಒಂದು ತೂತಿನದಕ್ಕಿಂತ ದಪ್ಪವಿರುವುದು ಕೇವಲ 0.16 ಮಿ.ಮೀ. ಎಂಬುದನ್ನೂ ಗಮನಿಸಿ. ಅವರ ಮೆಕ್ಯಾನಿಕ್ ತುರಿಯಬೇಕೆನ್ನುತ್ತಿರುವುದು 0.2. ತುಂಬುವ ಲೆಕ್ಕವೂ ಅಲ್ಲಿ ಕೂಡಿಬರುವುದಿಲ್ಲ.

ಮೂವತ್ತು ವರ್ಷದ ಗ್ಯಾರೇಜು
ಹಾಗಾದರೆ ಬೆಂದು ಸೊಟ್ಟಗಾದ ಹೆಡ್ಡನ್ನು ಪೂಜೆಗಿಟ್ಟುಕೊಳ್ಳಬೇಕೇ? ಹೊಸ ಹೆಡ್‌ನ ಬೆಲೆ ನಿಮಗೆ ಗೊತ್ತಿದೆಯೇ?

ಬೋರಿಂಗ್ ಅಂಗಡಿ
ಸೊಟ್ಟಗಾಗಿದೆ ಎಂದು ಅಳೆದು ಹೇಳಿದವರು ಯಾರು? ಸ್ಟ್ರೈಟ್ ಎಡ್ಜ್ (ನೇರವಾದ ಉಕ್ಕಿನ ಪಟ್ಟಿ) ಇಟ್ಟು, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ತಗಡು) ತೂರಿಸಿ ನೋಡಲಿ. 0.1 ಮಿ.ಮೀ.ವರೆಗಿನ ಡೊಂಕಿಗೆ ಅನುಮತಿಯಿದೆ. ನಮ್ಮ ಅಂಗಡಿಗೆ ಬರುವ ಹೆಡ್‌ಗಳಲ್ಲಿ ಬಹಳಷ್ಟನ್ನು ಅಳೆಯದೆಯೇ ಫೇಸಿಂಗ್‌ಗೆ ಕಳಿಸಿರುತ್ತಾರೆ. ತುರಿದರೆ ನನಗೆ ಕೂಲಿ ಸಿಗುತ್ತದೆ, ಹಾಗಿದ್ದೂ ಬೇಡವೆಂದು ಹೇಳುತ್ತಿದ್ದೇನೆ.

ಹಳೇ ಜೀಪು, ಕೊಪ್ಪ
ದಪ್ಪದ ವಿಚಾರಕ್ಕೆ ಮೊದಲು ಎಂಜಿನ್ ಯಾವುದೆಂಬುದು ಖಚಿತವಾಗಲಿ. ನನ್ನ ಮಹೀಂದ್ರ ಜೀಪಿನಲ್ಲಿರುವುದು ಪ್ಯೂಜೋ ವಿನ್ಯಾಸದ ಎಕ್ಸ್‌ಡಿಪಿ 4.90, ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), ಹೆಸರೇ ಅಳತೆಯನ್ನು ಹೇಳುತ್ತದೆ. ನಂತರ ಬಂದ ಎಕ್ಸ್‌ಡಿ3ಪಿ ಕೂಡ ಪ್ಯೂಜೋ ವಿನ್ಯಾಸದ್ದೇ, ಆದರೆ ಅದರ ಬೋರ್ 94 ಮಿ.ಮೀ. ನಾನು ಅಂಗಡಿಯಲ್ಲಿ "ಪ್ಯೂಜೋ ಜೀಪಿನ ಹೆಡ್ ಗ್ಯಾಸ್ಕೆಟ್" ಎಂದಷ್ಟೇ ಕೇಳಿ ತಂದಿದ್ದೆ. ಪುಣ್ಯಕ್ಕೆ ಮುಚ್ಚುವ ಮುನ್ನ ಬರಿಯ ಬ್ಲಾಕ್ ಮೇಲೆ ಇಟ್ಟು ನೋಡಿದೆ. ಅದು ನನ್ನ ಎಂಜಿನ್‌ಗೆ ಸೇರಿದ್ದಲ್ಲವೆಂದು ಆಗ ತಿಳಿಯಿತು. ಮಳೆಗಾಲದಲ್ಲಿ ಕೊಪ್ಪದಿಂದ ಶಿವಮೊಗ್ಗಕ್ಕೆ ಎರಡನೆಯ ಸಲ ಬಸ್ಸು ಹತ್ತಬೇಕಾಯಿತು.

ಲಾರಿ ಮನೆತನ
ಟಾಟಾ 697 ಕೂಡ ಹಾಗೆಯೇ: ಆರು ಸಿಲಿಂಡರ್, 97 ಮಿ.ಮೀ. ಬೋರ್. ಅದಕ್ಕೂ ಹಿಂದಿನದು 692. ಎರಡೂ ಲಾರಿಗಳಿದ್ದ ನಮ್ಮ ಮನೆಯಲ್ಲಿ ಗ್ಯಾಸ್ಕೆಟ್ ತರಲು ಹೋಗುವ ಹುಡುಗನ ಕೈಗೆ ಅಪ್ಪ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು.

ಮೆಕ್ಯಾನಿಕಲ್ ಮೇಷ್ಟ್ರು
ಜೀಪಿನವರ ಮಾತು ಆಕ್ಟೇವಿಯಾಕ್ಕೂ ಅನ್ವಯಿಸುತ್ತದೆ. "1.9 ಟಿಡಿಐ" ಎಂದು ಮಾತ್ರ ಕೇಳಬೇಡಿ. ನಿಮ್ಮದು ಪ್ರತ್ಯೇಕ ಡೀಸೆಲ್ ಪಂಪ್ ಇರುವ 90 ಅಶ್ವಶಕ್ತಿಯ ಎಂಜಿನ್; ಆಮೇಲೆ ಸ್ಕೋಡಾ ಲಾರಾದಲ್ಲಿ ಬಂದ 1.9 ಟಿಡಿಐಯಲ್ಲಿ ಪ್ರತಿ ಸಿಲಿಂಡರ್‌ಗೂ ಪಂಪ್ ಮತ್ತು ಇಂಜೆಕ್ಟರ್ ಒಂದೇ ಘಟಕದಲ್ಲಿವೆ. ಅಂಗಡಿಯವರಿಗೆ ಎಂಜಿನ್ ಕೋಡ್‌ನ ಮೂರು ಅಕ್ಷರಗಳನ್ನು ಹೇಳಿ, ಅದರ ಜೊತೆಗೆ ತೂತಿನ ಸಂಖ್ಯೆಯನ್ನೂ ಹೇಳಿ.

ರಾಣೆಬೆನ್ನೂರು ರೈತ
ಟ್ರ್ಯಾಕ್ಟರಿನಲ್ಲಿ ತೂತಿನ ಲೆಕ್ಕವಿಲ್ಲ, ಬೇರೆಯ ತಲೆನೋವಿದೆ. ನಮ್ಮದು ಮೂರು ಸಿಲಿಂಡರಿನ ಪರ್ಕಿನ್ಸ್ ಎಂಜಿನ್ ಇರುವ ಹಳೆಯ ಮ್ಯಾಸ್ಸಿ. ಅದಕ್ಕೆ ಗ್ಯಾಸ್ಕೆಟ್ ಕೇಳಲು ಹೋದರೆ ತಿಳಿದ ಅಂಗಡಿಯವನು ಮೊದಲು ಕೇಳುವ ಪ್ರಶ್ನೆ, "ಲೈನರ್‌ಗೆ ಮೇಲೆ ಕಾಲರ್ ಇದೆಯೋ ಇಲ್ಲವೋ?" ಎಂದು. ಲೈನರ್ ಎಂದರೆ ಸಿಲಿಂಡರಿನೊಳಗೆ ಹೊಡೆದು ಕೂರಿಸುವ ಕೊಳವೆ; ಎರಡು ಬಗೆಗೂ ಗ್ಯಾಸ್ಕೆಟ್ ಬೇರೆ ಬೇರೆ, ಸಿಲಿಂಡರಿನ ಸುತ್ತಲಿನ ಕಿಂಡಿಯ ಅಳತೆ ಹೊಂದಬೇಕು. ಹೆಡ್ ಬಿಚ್ಚಿ ಕಣ್ಣಾರೆ ನೋಡುವ ತನಕ ಉತ್ತರ ಗೊತ್ತಿರುವುದಿಲ್ಲ, ಏಕೆಂದರೆ ಯಾವ ಕಾಲದಲ್ಲಿ ಯಾರು ಯಾವ ಲೈನರ್ ಹೊಡೆದಿದ್ದಾರೋ ಹೇಳಲಾಗದು.

ಗಿರಣಿ ಮನೆ
ನಮ್ಮ ಅಜ್ಜನ ಹಿಟ್ಟಿನ ಗಿರಣಿಯಲ್ಲಿ ರಾಜಕೋಟೆಯಲ್ಲಿ ತಯಾರಾದ ಲಿಸ್ಟರ್ ಮಾದರಿಯ ಎಂಜಿನ್ ಇತ್ತು. ನಿಮಿಷಕ್ಕೆ 650 ಸುತ್ತು, ಊರಿಗೆಲ್ಲ ಕೇಳುವ ಸದ್ದು. ಅದಕ್ಕೆ ಡಯಲ್ ಗೇಜ್ (ಮುಳ್ಳಿನಿಂದ ಸೂಕ್ಷ್ಮ ಅಳತೆ ತೋರುವ ಉಪಕರಣ) ಯಾರೂ ತಂದದ್ದಿಲ್ಲ. ಪಿಸ್ಟನ್ ಮೇಲೆ ಸೀಸದ ತಂತಿಯ ತುಂಡುಗಳನ್ನಿಟ್ಟು, ಹೆಡ್ ಬಿಗಿದು, ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ಸೀಸವನ್ನು ಮೈಕ್ರೋಮೀಟರ್‌ನಿಂದ ಅಳೆಯುತ್ತಿದ್ದರು. ಸಂದು ಹೆಚ್ಚುಕಡಿಮೆಯಾಗಿದ್ದರೆ ಸಿಲಿಂಡರ್ ಬುಡದ ತೆಳು ಪಟ್ಟಿಗಳನ್ನು ಹಾಕುವುದು ಅಥವಾ ತೆಗೆಯುವುದು. ಕಾರಿಗೂ ಹೀಗೆ ಮಾಡಬಹುದಲ್ಲವೇ?

ಮೆಕ್ಯಾನಿಕಲ್ ಮೇಷ್ಟ್ರು
ಅಳತೆ ಸಿಗುತ್ತದೆ, ಆದರೆ ದುಬಾರಿಯಾಗುತ್ತದೆ. ಸೀಸ ಚಪ್ಪಟೆಯಾಗಬೇಕಾದರೆ ಗ್ಯಾಸ್ಕೆಟ್ ಇಟ್ಟು ಹೆಡ್ಡನ್ನು ಪೂರ್ತಿ ಬಿಗಿಯಬೇಕು. ಈ ಎಂಜಿನ್‌ನ ಹತ್ತು ಬೋಲ್ಟ್‌ಗಳು ಬಿಗಿಯುವಾಗ ಹಿಗ್ಗುವಂಥವು, ಒಮ್ಮೆ ಮಾತ್ರ ಬಳಸತಕ್ಕವು. ಒಮ್ಮೆ ಅದುಮಿದ ಗ್ಯಾಸ್ಕೆಟ್ ಕೂಡ ಮತ್ತೆ ಕೆಲಸಕ್ಕೆ ಬಾರದು. ಅಜ್ಜನ ಎಂಜಿನ್‌ನಲ್ಲಿ ತಪ್ಪಿದ್ದನ್ನು ಬುಡದಲ್ಲಿ ತಿದ್ದಬಹುದಿತ್ತು, ಇಲ್ಲಿ ತಿದ್ದಲು ಇರುವುದು ಗ್ಯಾಸ್ಕೆಟ್ ಒಂದೇ. ಅಂದಹಾಗೆ ಸೀಸದ ತಂತಿಯ ವಿಧಾನ ನಮ್ಮ ವಿದ್ಯಾರ್ಥಿಗಳಿಗೆ ಇಂದಿಗೂ ಒಳ್ಳೆಯ ಪಾಠ.

ಧಾರವಾಡದ ಡೀಸೆಲ್
ಎಲ್ಲರಿಗೂ ಕೃತಜ್ಞತೆಗಳು. ಹೆಡ್ಡನ್ನು ಫೇಸಿಂಗ್‌ಗೆ ಕೊಡದೆ ತಡೆದಿದ್ದೇನೆ. ಸ್ಟ್ರೈಟ್ ಎಡ್ಜ್ ಇಟ್ಟು ನೋಡಿದಾಗ 0.05ರ ಫೀಲರ್ ಮಧ್ಯಭಾಗದಲ್ಲಿ ಬಿಗಿಯಾಗಿ ತೂರಿತು, 0.08 ಎಲ್ಲಿಯೂ ತೂರಲಿಲ್ಲ. ಡಯಲ್ ಗೇಜ್ ಎರವಲು ತಂದು ಒಂದನೆಯ ಪಿಸ್ಟನ್ ಅಳೆದೆ, 1.13 ಬಂತು. ಅಂದರೆ ಮೂರು ತೂತಿನದೇ ಸರಿ, ನಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜವಾಯಿತಲ್ಲ?

ಇನ್ನೊಂದು ಆತಂಕ: ಎರಡನೆಯ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ ನಡುವೆ ಕೂದಲಿನಂಥ ಬಿರುಕು ಕಾಣುತ್ತಿದೆ.

ಮೂವತ್ತು ವರ್ಷದ ಗ್ಯಾರೇಜು
ನೋಡಿದಿರಾ?

ಬೋರಿಂಗ್ ಅಂಗಡಿ
ಬಿರುಕಿಗೆ ಹೆದರಬೇಡಿ. ಸೀಟುಗಳ ನಡುವಿನ ಬಿರುಕು 0.5 ಮಿ.ಮೀ.ಗಿಂತ ಅಗಲವಿಲ್ಲದಿದ್ದರೆ ಹೆಡ್ಡನ್ನು ಹಾಗೆಯೇ ಬಳಸಬಹುದು, ಅದರಿಂದ ಆಯಸ್ಸು ಕುಂದುವುದಿಲ್ಲ ಎಂದು ತಯಾರಕರೇ ಹೇಳಿದ್ದಾರೆ. ಆದರೂ ಇಷ್ಟು ಕಾದಿರುವ ಹೆಡ್ ಆದ್ದರಿಂದ ಒಮ್ಮೆ ಪ್ರೆಷರ್ ಟೆಸ್ಟ್ ಮಾಡಿಸಿ; ನೀರಿನ ದಾರಿಗಳನ್ನು ಮುಚ್ಚಿ, ಬಿಸಿನೀರಿನಲ್ಲಿ ಮುಳುಗಿಸಿ, ಗಾಳಿ ತುಂಬಿದರೆ ಒಳಗಿನ ಬಿರುಕಿದ್ದಲ್ಲಿ ಗುಳ್ಳೆ ಬರುತ್ತದೆ.

1.13ರ ಬಗ್ಗೆ ನನಗೆ ಅನುಮಾನವಿದೆ. ಪಿಸ್ಟನ್ ತಲೆಯ ಮಸಿಯನ್ನು ತೆಗೆದಿದ್ದಿರಾ? ಗೇಜಿನ ಮೊನೆಯನ್ನು ಎಲ್ಲಿಟ್ಟಿದ್ದಿರಿ?

ಧಾರವಾಡದ ಡೀಸೆಲ್
ಮಸಿ ತೆಗೆದಿರಲಿಲ್ಲ. ಮೊನೆ ರೇಡಿಯೇಟರ್ ಕಡೆಯ ಅಂಚಿನಲ್ಲಿತ್ತು.

ಮೆಕ್ಯಾನಿಕಲ್ ಮೇಷ್ಟ್ರು
ಎರಡೂ ತಪ್ಪು, ಕ್ಷಮಿಸಿ. ನೀವು ಅಳೆದದ್ದು ಪಿಸ್ಟನ್ ಜೊತೆಗೆ ಮಸಿಯನ್ನೂ. ಇನ್ನು ಪಿಸ್ಟನ್ ಎಂಬುದು ತನ್ನ ಪಿನ್ನಿನ ಮೇಲೆ ತೊಟ್ಟಿಲಿನಂತೆ ಅಷ್ಟಿಷ್ಟು ತೂಗುತ್ತದೆ. ಪಿನ್ನಿಗೆ ಅಡ್ಡಲಾಗಿರುವ ಅಂಚಿನಲ್ಲಿ ಅಳೆದರೆ ಆ ತೂಗಾಟವೂ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಪಿನ್ ಯಾವ ದಿಕ್ಕಿಗಿದೆಯೋ ಆ ಗೆರೆಯ ನೇರಕ್ಕೆ, ಅಂದರೆ ಎಂಜಿನ್‌ನ ಉದ್ದದ ಗೆರೆಯ ಮೇಲೆ, ಬಟ್ಟಲಿನ ಆಚೀಚೆಯ ಸಪಾಟು ಜಾಗದಲ್ಲಿ ಮೊನೆಯನ್ನಿಡಿ. ಗೇಜನ್ನು ಮೊದಲು ಸ್ವಚ್ಛವಾದ ಬ್ಲಾಕ್ ಮೇಲ್ಮೈಯಲ್ಲಿ ಸೊನ್ನೆಗೆ ತನ್ನಿ, ಹಳೆಯ ಗ್ಯಾಸ್ಕೆಟ್‌ನ ತುಣುಕು ಅಲ್ಲಿ ಅಂಟಿರಬಾರದು. ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸುತ್ತ ಮುಳ್ಳು ಏರಿ ಇಳಿಯಲು ತೊಡಗುವ ಘಳಿಗೆಯ ಅಳತೆಯನ್ನು ಬರೆದುಕೊಳ್ಳಿ. ನಾಲ್ಕೂ ಪಿಸ್ಟನ್‌ಗಳಲ್ಲಿ ಹೀಗೆ ಮಾಡಿ.

ಮಸಿ ಕೆರೆಯಲು ಹಿತ್ತಾಳೆಯ ಅಥವಾ ಮರದ ಚಕ್ಕೆ ಸಾಕು. ಗ್ರೈಂಡರ್‌ಗೆ ಸಿಕ್ಕಿಸುವ ಒರಟು ಬಿಲ್ಲೆಯನ್ನು ಬ್ಲಾಕ್ ಮೇಲೆ ದಯವಿಟ್ಟು ಆಡಿಸಬೇಡಿ. ಹಲವು ಉಕ್ಕಿನ ಪದರಗಳ ಈ ಗ್ಯಾಸ್ಕೆಟ್ ನುಣುಪಾದ ಮೇಲ್ಮೈಯನ್ನು ಬೇಡುತ್ತದೆ. ಹಳೆಯ ಕಾಲದ ಮೆದು ಗ್ಯಾಸ್ಕೆಟ್‌ನಂತೆ ಗೀರುಗಳನ್ನು ತುಂಬಿಕೊಳ್ಳುವ ಗುಣ ಇದಕ್ಕಿಲ್ಲ.

ಧಾರವಾಡದ ಡೀಸೆಲ್
ಭಾನುವಾರ ಇಡೀ ದಿನ ಇದಕ್ಕೇ ಹೋಯಿತು, ಮನೆಯವರು ಮಾತು ಬಿಟ್ಟಿದ್ದಾರೆ. ಪ್ರತಿ ಪಿಸ್ಟನ್‌ಗೂ ಎರಡೆರಡು ಕಡೆ ಅಳೆದಿದ್ದೇನೆ. ಒಂದನೆಯದು 0.97, ಎರಡನೆಯದು 0.99, ಮೂರನೆಯದು 1.02, ನಾಲ್ಕನೆಯದು 0.98. ಹೆಡ್ ಪ್ರೆಷರ್ ಟೆಸ್ಟ್‌ನಲ್ಲಿ ಪಾಸಾಗಿದೆ.

ಹಳೇ ಜೀಪು, ಕೊಪ್ಪ
ಸರಾಸರಿ 0.99. ಒಂದು ತೂತು. ಜೆ.ಸಿ. ರಸ್ತೆಯವನೇ ಗೆದ್ದ!

ಮೆಕ್ಯಾನಿಕಲ್ ಮೇಷ್ಟ್ರು
ಸರಾಸರಿಗೆ ಇಲ್ಲಿ ಸ್ಥಾನವಿಲ್ಲ. ನಾಲ್ಕರಲ್ಲಿ ಅತಿ ಹೆಚ್ಚು ಚಾಚಿದ ಪಿಸ್ಟನ್ ಯಾವುದೋ ಅದರ ಅಳತೆಯಿಂದಲೇ ಆಯ್ಕೆ. ಮೂರನೆಯದು 1.02 ಇರುವುದರಿಂದ ಎರಡು ತೂತಿನ 1.53ರ ಗ್ಯಾಸ್ಕೆಟ್ ತನ್ನಿ.

ಹಳೇ ಜೀಪು, ಕೊಪ್ಪ
ಸುಮ್ಮನೆ ವಾದಕ್ಕಾಗಿ ಕೇಳುತ್ತೇನೆ, ಮೇಷ್ಟ್ರೇ. 1.45ರ ಗ್ಯಾಸ್ಕೆಟ್ ಹಾಕಿದರೆ ಮೂರನೆಯ ಸಿಲಿಂಡರಿನಲ್ಲಿ ಉಳಿಯುವ ಸಂದು 0.43. ನಿಮ್ಮದೇ ಪಟ್ಟಿಯಲ್ಲಿ 1.10 ಚಾಚಿದ ಪಿಸ್ಟನ್‌ಗೆ 1.53 ಹಾಕಿದರೂ ಉಳಿಯುವುದು ಅದೇ 0.43. ಅಲ್ಲಿ ನಡೆಯುವುದು ಇಲ್ಲೇಕೆ ನಡೆಯಬಾರದು?

ಮೆಕ್ಯಾನಿಕಲ್ ಮೇಷ್ಟ್ರು
ಚೆನ್ನಾಗಿ ಹಿಡಿದಿರಿ. ಪ್ರಾಮಾಣಿಕವಾಗಿ ಹೇಳುವುದಾದರೆ ಒಂದು ತೂತಿನದನ್ನು ಹಾಕಿದ ಮಾತ್ರಕ್ಕೆ ಆ ಎಂಜಿನ್ ನಾಳೆಯೇ ಒಡೆಯುವುದಿಲ್ಲ. ಆದರೆ ಎರವಲು ಗೇಜಿನಲ್ಲಿ, ಮನೆಯ ಅಂಗಳದಲ್ಲಿ ಅಳೆದ 1.02 ನಿಜದಲ್ಲಿ 1.04 ಆಗಿರಬಹುದು; ಓಡಿದ ಎಂಜಿನ್‌ನ ಬೇರಿಂಗ್ ಸಡಿಲಿಕೆ, ವೇಗದಲ್ಲಿ ರಾಡ್ ಹಿಗ್ಗುವುದು, ಮತ್ತೆ ಕಟ್ಟುವ ಮಸಿ, ಇವೆಲ್ಲವೂ ಅದೇ 0.43ರಿಂದಲೇ ತಮ್ಮ ಪಾಲನ್ನು ಕೇಳುತ್ತವೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಇರುವಾಗ ತೆಳುವಾದದ್ದನ್ನು ಹಾಕಿ ಗಳಿಸುವುದೇನು?

ಗಿರಣಿ ಮನೆ
ದಪ್ಪವಾದರೆ ಕಂಪ್ರೆಷನ್ ಬಿದ್ದು ಚಳಿಯಲ್ಲಿ ಸ್ಟಾರ್ಟ್ ಆಗುವುದಿಲ್ಲವೆಂದು ಕೇಳಿದ್ದೇನೆ.

ಬೋರಿಂಗ್ ಅಂಗಡಿ
ಲೆಕ್ಕ ಹಾಕಿ ನೋಡೋಣ. ಬೋರ್ 79.5, ಸ್ಟ್ರೋಕ್ 95.5 ಮಿ.ಮೀ.; ಒಂದು ಸಿಲಿಂಡರ್ ಸುಮಾರು 474 ಸಿಸಿ. ಕಂಪ್ರೆಷನ್ ಅನುಪಾತ 19.5 ಎಂದರೆ ಮೇಲ್ತುದಿಯಲ್ಲಿ ಉಳಿಯುವ ಜಾಗ ಸುಮಾರು 25.6 ಸಿಸಿ. ಗ್ಯಾಸ್ಕೆಟ್ 0.08 ಮಿ.ಮೀ. ದಪ್ಪವಾದರೆ ಅದಕ್ಕೆ 0.4 ಸಿಸಿ ಸೇರುತ್ತದೆ, ಅನುಪಾತ 19.2ರ ಹತ್ತಿರಕ್ಕೆ ಇಳಿಯುತ್ತದೆ. ಧಾರವಾಡದ ಚಳಿಗೆ ಅದೇನೂ ಅಡ್ಡಿಯಲ್ಲ. ಸ್ಟಾರ್ಟ್ ಆಗದಿದ್ದರೆ ಮೊದಲು ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗನ್ನು ಕಾಯಿಸುವ ಭಾಗ) ನೋಡಿ. ಆದರೆ ಅಗತ್ಯವಿಲ್ಲದೆ ಮೂರು ತೂತಿನದನ್ನು ಹಾಕುವುದರಲ್ಲಿಯೂ ಅರ್ಥವಿಲ್ಲ.

ಮೂವತ್ತು ವರ್ಷದ ಗ್ಯಾರೇಜು
ಆಯಿತು, ಎರಡು ತೂತಿನದನ್ನೇ ಹಾಕಲಿ. ಎರಡು ಬದಿಗೂ ತೆಳುವಾಗಿ ಸಿಲಿಕೋನ್ ಪೇಸ್ಟ್ ಹಚ್ಚಿ, ಸಾವಿರ ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯುವುದನ್ನು ಮರೆಯಬೇಡಿ.

ಬೋರಿಂಗ್ ಅಂಗಡಿ
ಅಣ್ಣಾವ್ರೇ, ಎರಡೂ ಬೇಡ. ಮೆದು ಗ್ಯಾಸ್ಕೆಟ್ ಬಿಸಿಗೆ ಕುಗ್ಗುತ್ತಿತ್ತು, ಆದ್ದರಿಂದ ನೀವು ಮರುಬಿಗಿತ ಮಾಡುತ್ತಿದ್ದದ್ದು ಆ ಎಂಜಿನ್‌ಗಳಿಗೆ ನೂರಕ್ಕೆ ನೂರು ಸರಿ. ಇದು ಉಕ್ಕಿನ ಪದರಗಳದ್ದು, ಮೇಲೆ ತನ್ನದೇ ಲೇಪನವಿದೆ, ಒಣಗಿದಂತೆಯೇ ಕೂರಿಸಬೇಕು. ಹಿಗ್ಗುವ ಬೋಲ್ಟನ್ನು ಸಾವಿರ ಕಿಲೋಮೀಟರ್ ಆದ ಮೇಲೆ ಎಳೆದರೆ ಅದರ ಹಿಡಿತ ಕೆಡುತ್ತದೆ. ಕ್ರಮ ಹೀಗಿದೆ: ಮಧ್ಯದಿಂದ ಆರಂಭಿಸಿ ಹೊರಕ್ಕೆ ಹೋಗುತ್ತ ಮೊದಲು ಎಲ್ಲವನ್ನೂ 40 ನ್ಯೂಟನ್ ಮೀಟರ್, ನಂತರ 60, ನಂತರ ಕಾಲು ಸುತ್ತು, ಮತ್ತೆ ಕಾಲು ಸುತ್ತು. ಅಲ್ಲಿಗೆ ಮುಗಿಯಿತು.

ಬಿಗಿಯುವ ಮುನ್ನ ಬೋಲ್ಟ್‌ನ ತೂತುಗಳಲ್ಲಿ ಎಣ್ಣೆ, ನೀರು ನಿಂತಿದೆಯೇ ನೋಡಿ ಹೀರಿ ತೆಗೆಯಿರಿ. ತಳದಲ್ಲಿ ದ್ರವ ಸಿಕ್ಕಿಹಾಕಿಕೊಂಡರೆ ಬೋಲ್ಟ್ ಬಿಗಿಯಾದಂತೆ ಸುಳ್ಳು ತೋರಿಸುತ್ತದೆ, ಕೆಲವೊಮ್ಮೆ ಬ್ಲಾಕ್ ಸೀಳುತ್ತದೆ. ಗ್ಯಾಸ್ಕೆಟ್ ಮೇಲಿನ ಪಾರ್ಟ್ ನಂಬರ್ ನಿಮ್ಮ ಕಣ್ಣಿಗೆ ಕಾಣುವಂತೆ ಮೇಲ್ಮುಖವಾಗಿರಲಿ. ಹೆಡ್ ಇಳಿಸುವಾಗ ಯಾವ ಪಿಸ್ಟನ್ನೂ ಮೇಲ್ತುದಿಯಲ್ಲಿರದಂತೆ ಕ್ರ್ಯಾಂಕನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿಟ್ಟಿರಿ, ಇಲ್ಲದಿದ್ದರೆ ತೆರೆದಿರುವ ವಾಲ್ವ್ ತಾಗುತ್ತದೆ.

ಮೂವತ್ತು ವರ್ಷದ ಗ್ಯಾರೇಜು
ಕಾಲು ಸುತ್ತಿನ ಲೆಕ್ಕ ನಮಗೂ ಗೊತ್ತು. ಆದರೆ ಮರುಬಿಗಿತ ಬೇಡವೆಂಬುದಕ್ಕೆ ಇಷ್ಟು ದಿನ ಯಾರೂ ಕಾರಣ ಹೇಳಿರಲಿಲ್ಲ. ಒಪ್ಪಿದೆ. ಫೇಸಿಂಗ್ ವಿಚಾರವನ್ನು ಮಾತ್ರ ಇನ್ನೂ ಒಪ್ಪಿಲ್ಲ.

ರಾಣೆಬೆನ್ನೂರು ರೈತ
ಎರಡು ತೂತಿನದು ಸಿಕ್ಕಿತೇ?

ಧಾರವಾಡದ ಡೀಸೆಲ್
ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಬೆಂಗಳೂರಿನ ಇನ್ನೊಂದು ಅಂಗಡಿಯವರು ಎಂಜಿನ್ ಕೋಡ್ ಕೇಳಿ, ತೂತಿನ ಫೋಟೋ ಕಳಿಸಿ, ಆಮೇಲೆ ಬಸ್ಸಿಗೆ ಪಾರ್ಸಲ್ ಹಾಕಿದರು. ಬೋಲ್ಟ್‌ಗಳು, ವಾಟರ್ ಪಂಪ್, ಟೈಮಿಂಗ್ ಬೆಲ್ಟ್, ಈ ಎಲ್ಲಕ್ಕೂ ಕಾರಣವಾದ ಆ ಹೋಸ್, ಎಲ್ಲವೂ ಹೊಸವು. ನಿನ್ನೆ ಸಂಜೆ ಸ್ಟಾರ್ಟ್ ಆಯಿತು. ಇಂದು ಕಿತ್ತೂರಿಗೆ ಹೋಗಿ ಬಂದೆ. ಬಾಟಲಿಯಲ್ಲಿ ಗುಳ್ಳೆಯಿಲ್ಲ, ಬೆಳಿಗ್ಗೆ ಹೋಸ್ ಮೆತ್ತಗಿತ್ತು. ನಮ್ಮ ಮೆಕ್ಯಾನಿಕ್ ಡಯಲ್ ಗೇಜನ್ನು ಹಿಂದಿರುಗಿಸುವ ಮುನ್ನ ತಮ್ಮ ಬಳಿ ನಾಲ್ಕು ದಿನ ಇಟ್ಟುಕೊಳ್ಳುವುದಾಗಿ ಹೇಳಿದ್ದಾರೆ. ಟೈಮಿಂಗ್ ಕವರ್‌ನ ಒಳಬದಿಗೆ ಬಿಳಿಯ ಬಣ್ಣದಲ್ಲಿ "2 ತೂತು, 1.02" ಎಂದು ಬರೆದಿಟ್ಟಿದ್ದೇನೆ, ನಾಲ್ಕನೆಯ ಮಾಲೀಕನಿಗೆ ಬೇಕಾಗಬಹುದು.